ನಿಸರ್ಗ ಪರಿಚಯ: ಕಿತ್ತಳೆ ರೆಕ್ಕೆಯ ಏರೋಪ್ಲೇನ್ ಚಿಟ್ಟೆ

ಕೆರೆಯ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆಗಳು ಹಾರಾಡುತ್ತಿದ್ದರೆ ಅಲ್ಲಿಯ ನೀರು ನಿರ್ಮಲವಾಗಿದೆಯೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗುಂಟು. ಇದು ಎಲ್ಲ ಸಂದರ್ಭಗಳಲ್ಲಿಯೂ ನಿಜವಲ್ಲ. ಹಾರುತ್ತಿರುವ ಜೀವಿ ಯಾವ ಜಾತಿಯದೆಂಬುದನ್ನು ಅರಿತ ಬಳಿಕವೇ ನೀರಿನ ಗುಣವನ್ನು ಕುರಿತು ಮಾತನಾಡುವುದು ಉಚಿತ.

ನಮ್ಮ ನಾಡಿನ ಕೆರೆ, ಹೊಂಡ, ಚರಂಡಿಗಳ ಬಳಿ ಅತಿ ಸಾಮಾನ್ಯವಾಗಿ ಕಾಣಸಿಗುವ ಒಂದು ಜಾತಿಗೆ ಬ್ರ್ಯಾಕಿಥೆಮಿಸ್ ಕಂಟಾಮಿನೇಟಾ ಎಂಬ ವೈಜ್ಞಾನಿಕ ನಾಮಧೇಯವಿದೆ. ಇದನ್ನು 1793ರಲ್ಲಿ ಮೊದಲು ವರ್ಣಿಸಿದವನು ಫ್ಯಾಬ್ರಿಷಿಯಸ್ ಎಂಬ ಕೀಟತಜ್ಞ. ಇಂಗ್ಲಿಷಿನಲ್ಲಿ ಇದನ್ನು 'ಡಿಚ್ ಜ್ಯುವೆಲ್', ಅಂದರೆ ಚರಂಡಿಯ ಒಡವೆ ಎನ್ನುತ್ತಾರೆ. ಹೊಲಸು ನೀರಿನಲ್ಲಿಯೂ ಬಾಳಬಲ್ಲ ಈ ಜೀವಿಗೆ ಆ ಹೆಸರು ಒಪ್ಪುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ಗಂಡಿನ ಮೈಬಣ್ಣ ಕೆಂಪು ಬೆರೆತ ಕಿತ್ತಳೆ. ನಾಲ್ಕೂ ರೆಕ್ಕೆಗಳ ಬುಡದಿಂದ ಹೊರಟ ಕಿತ್ತಳೆ ಬಣ್ಣವು ತುದಿಯ ಸಮೀಪದವರೆಗೂ ಹರಡಿರುತ್ತದೆ. ತುದಿ ಮಾತ್ರ ಪಾರದರ್ಶಕ. ಹಿಂದಿನ ರೆಕ್ಕೆಯ ಉದ್ದ ಸುಮಾರು 20ರಿಂದ 23 ಮಿಲಿಮೀಟರ್. ಹೆಣ್ಣು ಹಳದಿ ಬೆರೆತ ಕಂದು ಬಣ್ಣದ್ದು. ಅದರ ರೆಕ್ಕೆಗಳಲ್ಲಿ ಈ ಕಿತ್ತಳೆಯ ಹರಹು ಇರುವುದಿಲ್ಲ. ಆದುದರಿಂದ ಹೊಸಬರು ಮೊದಲು ಗಂಡನ್ನು ನೋಡಿ ಕಲಿಯುವುದು ಲೇಸು.

ಕೆರೆಯಂಚಿನಲ್ಲಿಯೇ ಕಾಣುವ ಕ್ರೋಕೋಥೆಮಿಸ್ ಸರ್ವಿಲಿಯಾ ಎಂಬ ಇನ್ನೊಂದು ಜಾತಿಯನ್ನು ಇದೇ ಎಂದು ತಿಳಿಯುವವರುಂಟು. ಅದು ಗಾತ್ರದಲ್ಲಿ ದೊಡ್ಡದು. ಗಂಡು ನೆತ್ತರಿನಂತೆ ಕಡುಗೆಂಪು. ಅದರ ಉದರದ ಬೆನ್ನಮೇಲೆ ತೆಳುವಾದ ಕಪ್ಪು ಗೆರೆಯಿರುತ್ತದೆ. ರೆಕ್ಕೆಗಳು ಪಾರದರ್ಶಕವಾಗಿದ್ದು, ಬುಡದಲ್ಲಷ್ಟೇ ಕಂದುಹಳದಿಯ ಮಚ್ಚೆ ಕಾಣುತ್ತದೆ. ಆದುದರಿಂದ ಮೈಬಣ್ಣವೊಂದನ್ನೇ ನಂಬದೆ ರೆಕ್ಕೆಯನ್ನು ಗಮನಿಸಬೇಕು.

ಈ ಜೀವಿಗಳ ಮರಿಗಳು ನೀರಿನಲ್ಲಿಯೇ ಬೆಳೆಯುತ್ತವೆ. ಸೊಳ್ಳೆಯ ಮರಿಗಳನ್ನೂ ತಿಂದು ನಮಗೆ ಉಪಕಾರ ಮಾಡುತ್ತವೆ. ಆದರೆ ನೀರು ಕೆಟ್ಟಾಗ ಅನೇಕ ಜಾತಿಗಳ ಮರಿಗಳು ಉಳಿಯಲಾರವು. ಬಗೆಬಗೆಯ ಏರೋಪ್ಲೇನ್ ಚಿಟ್ಟೆಗಳಿದ್ದ ಕೆರೆಯಲ್ಲಿ ಕ್ರಮೇಣ ಚರಂಡಿಯ ಒಡವೆಯೊಂದೇ ಉಳಿಯಿತೆಂದರೆ, ಅದನ್ನು ಎಚ್ಚರಿಕೆಯೆಂದೇ ತಿಳಿಯಬೇಕು.

ಬಿಸಿಲೇರಿದ ಮುಂಜಾನೆ ಮಕ್ಕಳನ್ನು ಊರ ಕೆರೆಗೆ ಕರೆದೊಯ್ಯಿರಿ. ಬಾಲಕ್ಕೆ ದಾರ ಕಟ್ಟಿ ಹಾರಿಸುವ ಆಟವನ್ನು ಬಿಡಿಸಿ, ಎಷ್ಟು ಬಗೆಗಳಿವೆಯೆಂದು ಎಣಿಸುವುದನ್ನು ಕಲಿಸಿರಿ. ವರ್ಷವರ್ಷವೂ ಎಣಿಸಿದ್ದನ್ನು ಬರೆದಿಟ್ಟರೆ ಕೆರೆಯ ಆರೋಗ್ಯದ ಲೆಕ್ಕ ಮನೆಯಲ್ಲಿಯೇ ಸಿದ್ಧವಾಗುತ್ತದೆ. ಎಣಿಕೆ ಒಂದಕ್ಕೇ ಇಳಿದ ದಿನ, ಕೆರೆಗೆ ಸೇರುತ್ತಿರುವ ಕೊಳಚೆ ಎಲ್ಲಿಂದ ಬರುತ್ತಿದೆಯೆಂದು ಹಿರಿಯರಾದ ನಾವು ವಿಚಾರಿಸಬೇಕಾಗುತ್ತದೆ. ಒಮ್ಮೊಮ್ಮೆ ಆ ವಿಚಾರಣೆ ನಮ್ಮ ಮನೆಯ ಬಚ್ಚಲಿನಿಂದಲೇ ಆರಂಭವಾದೀತು.