ಎತ್ತರದ ಕಾರು, ಗುಂಡಿಯ ಬೀದಿ

ಜಿಎಸ್‌ಟಿ ಮಂಡಳಿಯು ಸಣ್ಣ ಕಾರುಗಳ ಮೇಲಿನ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸಿತು. ಆ ದರವು 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ ಜಾರಿಗೆ ಬಂದಿತು. ಅಂದಿನಿಂದ ನಮ್ಮೂರಿನ ಕಾರಿನ ಅಂಗಡಿಗಳ ಮುಂದೆ ಚೆಂಡು ಹೂವಿನ ಹಾರಗಳೂ ಚಕ್ರದಡಿಯ ನಿಂಬೆಹಣ್ಣುಗಳೂ ಹೆಚ್ಚಾಗಿವೆ. ಮೊದಲೆಲ್ಲ ಕಾರು ಕೊಳ್ಳುವವರು ಗಿರಣಿ ಮಾಲೀಕರು, ಮಂಡಿ ಸಾಹುಕಾರರು, ಗುತ್ತಿಗೆದಾರರು ಎಂದು ಗೊತ್ತಿತ್ತು. ಈಗ ಸಂಬಳದ ಗುಮಾಸ್ತರೂ ಕಿರಾಣಿ ಅಂಗಡಿಯವರೂ ಮಗ್ಗದ ಮೇಸ್ತ್ರಿಗಳೂ ತಮ್ಮ ಹಳೆಯ ಪುಟ್ಟ ಕಾರನ್ನು ಕೊಟ್ಟು, ಎತ್ತರದ ಹೊಸ ಕಾರನ್ನು, ಎಲ್ಲರ ಬಾಯಲ್ಲೂ ‘ಕಾಂಪ್ಯಾಕ್ಟ್ ಎಸ್‌ಯುವಿ’ ಎನಿಸಿಕೊಂಡಿರುವುದನ್ನು, ತರುತ್ತಿದ್ದಾರೆ. ಇದನ್ನು ಕಂಡು ಹುಬ್ಬು ಗಂಟಿಕ್ಕುವವರ ಸಾಲಿನಲ್ಲಿ ನಾವಿಲ್ಲ. ಸಾಹುಕಾರ ಕಾರಿನಲ್ಲಿ ಹೋದರೆ ವ್ಯವಹಾರ, ಗುಮಾಸ್ತ ಹೋದರೆ ದುಂದುಗಾರಿಕೆ ಎನ್ನುವುದು ಯಾವ ನ್ಯಾಯ?

ಆದರೂ ಈ ವಿಷಯವನ್ನು ಸಂಪಾದಕೀಯದಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಹೋದ ವಾರ ನಮ್ಮ ಓದುಗರೊಬ್ಬರು ಕಚೇರಿಗೆ ಬಂದಿದ್ದರು. ಅಕ್ಕಿ ಗಿರಣಿಯಲ್ಲಿ ತೂಕದ ಗುಮಾಸ್ತರು. ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿ ಚಿಕ್ಕ ಕಿರಾಣಿ ಅಂಗಡಿ ನಡೆಸುತ್ತಾರೆ. ಅವರ ಬಳಿ 2013ರ ಆಲ್ಟೋ 800 ಇದೆ. ಅದನ್ನು 2019ರಲ್ಲಿ ಎರಡನೆಯ ಕೈಯಿಂದ ಕೊಂಡದ್ದು. ತಾಯಿ ಇರುವುದು ನಲವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ; ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಊರಿನ ಆಸ್ಪತ್ರೆಗೆ ಕರೆತರಬೇಕು. ‘ಅವ್ವಂಗೆ ಮೊಣಕಾಲು ನೋವು ಸಾರ್. ಆಲ್ಟೋದಾಗೆ ಕೂತ್ರೆ ಏಳಾಕೆ ಬರಲ್ಲ. ಇಬ್ರು ಹಿಡಿದು ಎಬ್ಬಿಸ್ಬೇಕು. ಮಳೆಗಾಲದಾಗೆ ಆ ರಸ್ತೆಗೆ ಗಾಡಿ ಹೊಟ್ಟೆ ತಾಗ್ತೈತಿ. ಹೊಸದು ತಗಳ್ಳಾ ಬ್ಯಾಡ್ವಾ, ನೀವೇ ಹೇಳ್ರಿ’ ಎಂದರು. ಅಂಗಡಿಯವನು ಬರೆದುಕೊಟ್ಟ ಚೀಟಿಯನ್ನೂ ತಂದಿದ್ದರು. ಕಾರಿಲ್ಲದ ಪತ್ರಿಕೆಯವರು ನಾವು. ನಮ್ಮ ಬಂಡಲುಗಳು ಇಂದಿಗೂ ಬಸ್ಸಿನಲ್ಲೇ ತಾಲ್ಲೂಕುಗಳಿಗೆ ಹೋಗುತ್ತವೆ. ಆದರೆ ಲೆಕ್ಕ ಹಾಕಲು ಕಾರು ಇರಬೇಕಾಗಿಲ್ಲ. ಅವರೊಡನೆ ಕುಳಿತು ಹಾಕಿದ ಲೆಕ್ಕ ಇನ್ನೂ ಹಲವರಿಗೆ ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ‘ಎಸ್‌ಯುವಿ’ ಎಂಬ ಹೆಸರನ್ನೇ ನೋಡೋಣ. 2006ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರವು ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿತು. ಕಂಪನಿಗಳು ಅಳತೆಪಟ್ಟಿ ಹಿಡಿದು ಕೂತವು. ಫೋರ್ಡ್ ಇಕೋಸ್ಪೋರ್ಟ್ 2013ರಲ್ಲಿ, ಮಾರುತಿ ಬ್ರೆಝಾ 2016ರಲ್ಲಿ, ಟಾಟಾ ನೆಕ್ಸಾನ್ 2017ರಲ್ಲಿ, ಹುಂಡೈ ವೆನ್ಯೂ 2019ರಲ್ಲಿ ಬಂದವು. ಎಲ್ಲವೂ ನಾಲ್ಕು ಮೀಟರಿನ ಗೆರೆಯೊಳಗೆ. ಬ್ರೆಝಾದ ಉದ್ದ 3995 ಮಿಲಿಮೀಟರ್. ಗೆರೆಗೆ ಅರ್ಧ ಸೆಂಟಿಮೀಟರ್ ಮಾತ್ರ ಬಾಕಿ! ಎಂದರೆ, ಅಂಗಡಿಯಲ್ಲಿ ಎಸ್‌ಯುವಿ ಎನಿಸಿಕೊಳ್ಳುವ ಈ ಪೈಕಿ ಹೆಚ್ಚಿನವು ತೆರಿಗೆಯ ಪುಸ್ತಕದಲ್ಲಿ ಸಣ್ಣ ಕಾರುಗಳೇ. ಹೆಚ್ಚಿನವು ಎಂದೆವು, ಎಲ್ಲವೂ ಅಲ್ಲ. ಬ್ರೆಝಾದ ಪೆಟ್ರೋಲ್ ಎಂಜಿನ್ 1462 ಸಿಸಿಯದಾದ್ದರಿಂದ ಉದ್ದ ಕಡಿಮೆಯಿದ್ದರೂ ಅದಕ್ಕೆ ಶೇಕಡಾ 18ರ ದರ ಸಿಗದು, 40 ತೆರಬೇಕು. ‘ತೆರಿಗೆ ಇಳಿದಿದೆ, ಬನ್ನಿ’ ಎಂಬ ಬೋರ್ಡು ನೋಡಿ ಒಳಹೊಕ್ಕವರು ಎಂಜಿನ್ನಿನ ಸಿಸಿಯನ್ನು ಕೇಳಿಯೇ ಮುಂದಿನ ಮಾತಾಡಬೇಕು.

ಚೀಟಿಯಲ್ಲಿದ್ದ ಕಾರಿನ ಅಂಗಡಿ ಬೆಲೆ ಒಂಬತ್ತು ಲಕ್ಷ ರೂಪಾಯಿ. ಈ ಒಂಬತ್ತು ಲಕ್ಷದೊಳಗೆ ಸುಮಾರು 1,37,000 ರೂಪಾಯಿ ಜಿಎಸ್‌ಟಿಯೇ ಇದೆ. ಹಿಂದಿನ ಶೇಕಡಾ 29ರ ದರವಿದ್ದಿದ್ದರೆ ಇದೇ ಕಾರಿಗೆ ಸುಮಾರು 9,84,000 ಆಗುತ್ತಿತ್ತು. ಆದ್ದರಿಂದ 84 ಸಾವಿರ ಇಳಿದದ್ದು ನಿಜ, ಅಲ್ಲಗಳೆಯಲಾಗದು. ಆದರೆ ಚೀಟಿ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 14. ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 11ರ ಸೆಸ್. ಹತ್ತು ಲಕ್ಷ ದಾಟಿದರೆ ದರ 17ಕ್ಕೆ ಏರುತ್ತದೆ. ಒಂಬತ್ತು ಲಕ್ಷಕ್ಕೆ ಇದು ಹೆಚ್ಚು ಕಡಿಮೆ 1,40,000 ರೂಪಾಯಿ. ತೆರಿಗೆ ಸೇರಿದ ಬೆಲೆಯ ಮೇಲೆ ತೆರಿಗೆ, ಆ ತೆರಿಗೆಯ ಮೇಲೆ ಸೆಸ್! ದೆಹಲಿಯವರು ಒಂದು ಕೈಯಿಂದ ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಬೆಂಗಳೂರಿನವರು ಇನ್ನೊಂದು ಕೈಯಿಂದ ತೆಗೆದುಕೊಳ್ಳುತ್ತಾರೆ. ಇದರ ಮೇಲೆ ವಿಮೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ನೋಂದಣಿ, ಫಾಸ್ಟ್ಯಾಗ್, ಅಂಗಡಿಯವನು ತಾನೇ ಸೇರಿಸಿದ ಚಾಪೆ, ಕವರು ಎಲ್ಲ ಕೂಡಿ ಚೀಟಿಯ ಕೊನೆಯ ಸಾಲು ಹನ್ನೊಂದು ಲಕ್ಷ ತೋರಿಸುತ್ತಿತ್ತು.

ಹಳೆಯ ಆಲ್ಟೋಗೆ ಒಂದೂವರೆ ಲಕ್ಷ ಕೊಡುತ್ತಾರಂತೆ. ಗುಮಾಸ್ತರು ಚೀಟಿ ಹಾಕಿ ಉಳಿಸಿದ್ದು ಒಂದೂವರೆ ಲಕ್ಷ. ಉಳಿದ ಎಂಟು ಲಕ್ಷಕ್ಕೆ ಸಾಲ. ‘ತಿಂಗಳಿಗೆ ಹದಿಮೂರು ಸಾವಿರದೊಳಗೇ ಆಗುತ್ತದೆ ಅಂದ್ರು’ ಎಂದು ಅವರು ಹೇಳಿದಾಗ ಎಷ್ಟು ವರ್ಷಕ್ಕೆ ಎಂದು ಕೇಳಿದೆವು. ಏಳು ವರ್ಷಕ್ಕೆ! ಶೇಕಡಾ 9ರ ಬಡ್ಡಿಯಲ್ಲಿ ಎಂಟು ಲಕ್ಷಕ್ಕೆ ಏಳು ವರ್ಷದ ಕಂತು 12,871 ರೂಪಾಯಿ. ಒಟ್ಟು ಕಟ್ಟುವುದು 10,81,000. ಬಡ್ಡಿಯೇ 2,81,000. ಐದೇ ವರ್ಷಕ್ಕೆ ತೀರಿಸಿದರೆ ಕಂತು 16,607ಕ್ಕೆ ಏರುತ್ತದೆ, ಬಡ್ಡಿ ಎರಡು ಲಕ್ಷದೊಳಗೆ ನಿಲ್ಲುತ್ತದೆ. ಕಂತು ಚಿಕ್ಕದು ಮಾಡಿ ವರ್ಷ ಉದ್ದ ಮಾಡುವುದು ಹಳೆಯ ಲೇವಾದೇವಿಯವರು ಬಲ್ಲ ಉಪಾಯವೇ. ಈಗ ಅದಕ್ಕೆ ತಂಪು ಕೋಣೆ, ಕಾಫಿ ಬಂದಿದೆ ಅಷ್ಟೆ.

ಇನ್ನೊಂದು ಸಂಗತಿಯನ್ನು ಯಾವ ಅಂಗಡಿಯವನೂ ಹೇಳನು. ಏಳು ವರ್ಷದ ಸಾಲದಲ್ಲಿ ಮೊದಲ ಎರಡು ವರ್ಷ 3,09,000 ರೂಪಾಯಿ ಕಟ್ಟಿದ ಮೇಲೂ ಅಸಲಿನಲ್ಲಿ ಇಳಿಯುವುದು 1,80,000 ಮಾತ್ರ. 6,20,000 ಬಾಕಿ ನಿಂತೇ ಇರುತ್ತದೆ. ಭತ್ತದ ಸುಗ್ಗಿ ಕೈಕೊಟ್ಟು ಗಿರಣಿ ಮೂರು ತಿಂಗಳು ನಿಂತರೆ, ಅಥವಾ ಪಕ್ಕದ ಬೀದಿಗೆ ದೊಡ್ಡ ಮಾರ್ಟು ಬಂದು ಅಂಗಡಿಯ ವ್ಯಾಪಾರ ಕುಸಿದರೆ ಕಂತು ನಿಲ್ಲುವುದಿಲ್ಲ. ಕಾರಿನ ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಬಿದ್ದಿರುತ್ತದೆ. ಖಾಯಂ ಸಂಬಳದವನಿಗೂ ಸುಗ್ಗಿಯ ಸಂಬಳದವನಿಗೂ ಕಂತು ಒಂದೇ ಎಂಬುದನ್ನು ನಮ್ಮ ಕಾರ್ಮಿಕ ಬಂಧುಗಳು ಸಹಿ ಹಾಕುವ ಮುನ್ನ ನೆನೆಯಬೇಕು.

ಪೆಟ್ರೋಲಿನ ಮಾತು. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸುವವರಿಗೆ, ಆಲ್ಟೋ ಲೀಟರಿಗೆ 18 ಕೊಟ್ಟು ಎತ್ತರದ ಕಾರು 14 ಕೊಟ್ಟರೆ, ವರ್ಷಕ್ಕೆ 158 ಲೀಟರ್ ಹೆಚ್ಚು ಬೇಕು. ಲೀಟರಿಗೆ ಬರಿಯ ನೂರು ರೂಪಾಯಿ ಹಿಡಿದರೂ 15,800. ಪೆಟ್ರೋಲನ್ನು ಜಿಎಸ್‌ಟಿಯೊಳಗೆ ಇಂದಿಗೂ ತಂದಿಲ್ಲ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರವು ಅದರ ಮೇಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಹಾಗಾದರೆ ಹಳೆಯ ಆಲ್ಟೋವನ್ನೇ ಉಜ್ಜಿಕೊಂಡಿರಿ ಎಂದು ಹೇಳಿ ಕಳಿಸಿದೆವೆ? ಇಲ್ಲ. ಹೊಸ ಕಾರಿನ ಪಕ್ಷದಲ್ಲಿ ಒಂದು ಬಲವಾದ ಮಾತಿದೆ. ಅದು ಜೀವದ ಮಾತು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದ ಐದು ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸಿದಾಗ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ ಬಂದಿತ್ತು. ಆಲ್ಟೋ 800 ಅವುಗಳಲ್ಲೊಂದು. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯವಾಯಿತು. ಪಕ್ಕದವರದು ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಎಂದರೆ ನಮ್ಮ ಜನ ಎರಡನೆಯ ಕೈಯಿಂದ ಕೊಂಡಿರುವ ಹಳೆಯ ಸಣ್ಣ ಕಾರುಗಳಲ್ಲಿ ಬಹುಪಾಲು ಬರೀ ತಗಡಿನ ಭರವಸೆಯ ಮೇಲೆ ಓಡುತ್ತಿವೆ. ಶ್ರೀಮಂತನ ಕಾರಿನಲ್ಲಿ ಬಹಳ ಹಿಂದೆಯೇ ಇದ್ದದ್ದು ಬಡವನ ಕಾರಿಗೆ ಕಾನೂನು ಬಂದಮೇಲೆ ಬಂದಿತು. ನೆಕ್ಸಾನ್ 2018ರಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆಯುತ್ತಿದೆ. ಆದರೆ ಎತ್ತರವಿದೆ ಎಂದ ಮಾತ್ರಕ್ಕೆ ಕಾರು ಭದ್ರವಾಗದು. ಎತ್ತರದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ನೋಡಬೇಕಾದ್ದು ನಕ್ಷತ್ರವನ್ನು, ಏರ್‌ಬ್ಯಾಗಿನ ಸಂಖ್ಯೆಯನ್ನು, ಮೂತಿಯ ಗಾಂಭೀರ್ಯವನ್ನಲ್ಲ.

ತಾಯಿಯ ಮೊಣಕಾಲಿಗೆ ಎತ್ತರದ ಆಸನ ಬೇಕೆಂಬುದೂ ಸುಳ್ಳು ನೆಪವಲ್ಲ. ಆದ್ದರಿಂದ ನಾವು ಕೊಟ್ಟ ಸಲಹೆ ಇಷ್ಟು: ಇಂಥದೇ ಕಾರು, ನಾಲ್ಕೈದು ವರ್ಷ ಓಡಿದ್ದು, ಎರಡು ಏರ್‌ಬ್ಯಾಗ್ ಇರುವುದು ಆರು ಲಕ್ಷದ ಆಸುಪಾಸಿಗೆ ಸಿಕ್ಕರೆ ಹುಡುಕಿ. ವಿಮೆಯವರ ಕೋಷ್ಟಕವೇ ಐದು ವರ್ಷದ ಹೊತ್ತಿಗೆ ಕಾರಿನ ಬೆಲೆಯಲ್ಲಿ ಅರ್ಧ ಕಳೆಯುತ್ತದೆ. ಆ ಅರ್ಧವನ್ನು ಮೊದಲ ಮಾಲೀಕ ಕಳೆದುಕೊಂಡಿರಲಿ. ನಮ್ಮ ರಾಜ್ಯದ್ದೇ ನೋಂದಣಿಯಾದರೆ ಜೀವಾವಧಿ ತೆರಿಗೆಯನ್ನೂ ಅವನೇ ಕಟ್ಟಿರುತ್ತಾನೆ. ಸಾಲ ಮೂರು ಲಕ್ಷಕ್ಕೆ ಇಳಿಯುತ್ತದೆ. ಹಳೆಯ ಕಾರಿಗೆ ಬ್ಯಾಂಕಿನವರು ಬಡ್ಡಿ ಹೆಚ್ಚು ಕೇಳುತ್ತಾರೆ, ನಿಜ. ಶೇಕಡಾ 12 ಎಂದೇ ಹಿಡಿಯೋಣ. ನಾಲ್ಕು ವರ್ಷಕ್ಕೆ ಕಂತು 7,900, ಒಟ್ಟು ಬಡ್ಡಿ 79 ಸಾವಿರ. ಎರಡು ಲಕ್ಷ ಎಂಬತ್ತೊಂದು ಸಾವಿರಕ್ಕೂ ಇದಕ್ಕೂ ಇರುವ ಅಂತರದಲ್ಲಿ ಒಂದು ಅಂಗಡಿಗೆ ಸರಕು ತುಂಬಬಹುದು. ಕೊಳ್ಳುವ ಮುಂಚೆ ನಿಮ್ಮ ನಂಬಿಕೆಯ ಮೆಕ್ಯಾನಿಕ್ ಅಡಿಗೆ ಮಲಗಿ ನೋಡಲಿ. ಅವನಿಗೆ ಐನೂರು ರೂಪಾಯಿ ಕೊಡಲು ಹಿಂಜರಿಯಬೇಡಿ.

ಆಲ್ಟೋ ಮಾರುವಾಗ ಎರಡು ಎಚ್ಚರಿಕೆ. 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ ಕೊಟ್ಟುಬಿಟ್ಟೆ, ಇನ್ನು ನನಗೇನು ಎಂದು ಕೂರಬಾರದು. ಆರ್‌ಟಿಓ ಪುಸ್ತಕದಲ್ಲಿ ಹೆಸರು ಬದಲಾಗುವ ತನಕ ಅಪಘಾತದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಎರಡನೆಯದು, ಕ್ಲೇಮು ಮಾಡದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಶೇಕಡಾ 50ರವರೆಗೂ ಏರುವಂಥದ್ದು, ಕಾರಿನದಲ್ಲ, ಮಾಲೀಕನದು. ಅದನ್ನು ಮುಂದಿನ ಕಾರಿಗೆ ಕೊಂಡೊಯ್ಯಬಹುದು. ಕೇಳದವರಿಗೆ ಯಾರೂ ಕೊಡುವುದಿಲ್ಲ.

ಇಷ್ಟು ಗುಮಾಸ್ತರಿಗೆ ಹೇಳಿದ್ದು. ಆಳುವವರಿಗೆ ಹೇಳುವುದು ಬೇರೆ ಇದೆ.

ಅವರು ಎತ್ತರದ ಕಾರು ಬೇಕೆಂದದ್ದೇಕೆ? ‘ಗಾಡಿ ಹೊಟ್ಟೆ ತಾಗ್ತೈತಿ’ ಎಂಬ ಕಾರಣಕ್ಕೆ. ಆಲ್ಟೋದ ಹೊಟ್ಟೆ ನೆಲದಿಂದ 160 ಮಿಲಿಮೀಟರ್, ನೆಕ್ಸಾನಿನದು 208. ಈ ನಾಲ್ಕೂ ಮುಕ್ಕಾಲು ಸೆಂಟಿಮೀಟರಿಗಾಗಿ ಒಬ್ಬ ಗಿರಣಿ ನೌಕರ ಎಂಟು ಲಕ್ಷ ಸಾಲಕ್ಕೆ ತಲೆಕೊಡಲು ಸಿದ್ಧನಾಗಿದ್ದಾನೆ. ಆ ರಸ್ತೆಯ ಗುಂಡಿಗಳ ಆಳ ಸರಿಸುಮಾರು ಅಷ್ಟೇ ಇದ್ದೀತು! ಮುಚ್ಚಬೇಕಾದ್ದು ಸರ್ಕಾರ, ಮುಚ್ಚದ ಗುಂಡಿಯ ಬೆಲೆಯನ್ನು ಮನೆಮನೆಯವರೂ ಪ್ರತ್ಯೇಕವಾಗಿ ಕಂತಿನಲ್ಲಿ ತೆರುತ್ತಿದ್ದಾರೆ. ಜೀವಾವಧಿ ತೆರಿಗೆ ಕಟ್ಟುವುದು ಹದಿನೈದು ವರ್ಷಕ್ಕೆ ಮುಂಗಡವಾಗಿ, ರಾಜ್ಯದ ಬೊಕ್ಕಸಕ್ಕೆ. ಕಾರು ಓಡುವುದು ನಗರಸಭೆಯ ಬೀದಿಯಲ್ಲಿ, ಪಂಚಾಯಿತಿಯ ದಾರಿಯಲ್ಲಿ. ದುಡ್ಡು ಹೋದ ದಾರಿಯೇ ಬೇರೆ, ಕಾರು ಹೋಗುವ ದಾರಿಯೇ ಬೇರೆ. ಗುಂಡಿ ತಪ್ಪಿಸಿಕೊಳ್ಳಲಾಗದ ಸೈಕಲ್ಲಿನವನು, ಬೈಕಿನ ಹಿಂದೆ ಮಗು ಕೂರಿಸಿಕೊಂಡವಳು ಯಾವ ಎತ್ತರದ ಕಾರು ಕೊಳ್ಳಬೇಕು?

ಇನ್ನು ಪೇಟೆ ಬೀದಿಯ ಪಾಡು. ಇಂದಿನ ವ್ಯಾಗನಾರ್ ಅಗಲ 1620 ಮಿಲಿಮೀಟರ್, ಬ್ರೆಝಾದ್ದು 1790. ಒಂದೊಂದು ಕಾರಿಗೆ ಒಂದು ಗೇಣಿನಷ್ಟು ಬೀದಿ ಹೆಚ್ಚು. ಎರಡೂ ಬದಿ ಇಂಥವು ನಿಂತರೆ ನಡುವೆ ಕೈಗಾಡಿಯೂ ಹೋಗದು; ಪೇಟೆಗೆ ಬಂದ ಗಿರಾಕಿ ಹಿಂದಿರುಗಿ ಹೋಗುತ್ತಾನೆ. ಈ ನಷ್ಟ ಕಾರು ಕೊಂಡ ವ್ಯಾಪಾರಿಯದೂ ಹೌದು.

2025ರ ಸೆಪ್ಟೆಂಬರಿನ ಅದೇ ಆಜ್ಞೆಯಲ್ಲಿ ಹತ್ತು ಅಥವಾ ಹೆಚ್ಚು ಜನ ಕೂರುವ ಬಸ್ಸಿನ ಮೇಲಿನ ತೆರಿಗೆಯೂ 28ರಿಂದ 18ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಐವತ್ತು ಜನರನ್ನು ಹೊರುವ ಬಸ್ಸಿಗೂ ಒಬ್ಬನೇ ಕೂತು ಹೋಗುವ ಕಾರಿಗೂ ಒಂದೇ ದರವೆಂಬುದನ್ನು ನಾವು ಒಪ್ಪಲಾರೆವು. ಬಸ್ಸಿಗೆ 5ಕ್ಕೆ ಇಳಿಸಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ನಮ್ಮ ಓದುಗರ ತಾಯಿಗೂ ಉಚಿತವೇ. ಆದರೆ ಆ ಹಳ್ಳಿಯಿಂದ ಬೆಳಗಿನ ಬಸ್ಸು ಹೊರಡುವುದು ಒಂಬತ್ತೂಕಾಲಿಗೆ. ಡಯಾಲಿಸಿಸ್ ಸರದಿ ಏಳಕ್ಕೆ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮೊಣಕಾಲು ನೋವಿನ ಮುದುಕಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ.

ಆ ದಾರಿಯಲ್ಲಿ ಬೆಳಿಗ್ಗೆ ಐದೂವರೆಗೆ ಒಂದು ಬಸ್ಸು ಬೇಕೆಂದು, ಮೆಟ್ಟಿಲು ತಗ್ಗಾಗಿರುವ ಬಸ್ಸೇ ಆಗಬೇಕೆಂದು ಅರ್ಜಿ ಬರೆದಿದ್ದೇವೆ. ಹಾದಿಯ ಏಳು ಹಳ್ಳಿಗಳವರ ಸಹಿ ಬೇಕು. ಗುಮಾಸ್ತರು ತಮ್ಮ ಊರಿನ ಸಹಿಗಳನ್ನು ತರುತ್ತೇನೆಂದು ಅರ್ಜಿಯ ಪ್ರತಿಯನ್ನು ಮಡಿಸಿ, ಅಂಗಡಿಯವನ ಚೀಟಿಯ ಜೊತೆಗೇ ಜೇಬಿಗಿಟ್ಟುಕೊಂಡು ಹೋಗಿದ್ದಾರೆ. ಉಳಿದ ಹಳ್ಳಿಗಳ ಓದುಗರು ಸೋಮವಾರದೊಳಗೆ ನಮ್ಮ ಕಚೇರಿಗೆ ಬಂದು ಪ್ರತಿ ಪಡೆಯಬೇಕಾಗಿ ಕೋರುತ್ತೇವೆ.