ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಯುವಜನ ಸೇವೆಗಳ ಸಮನ್ವಯ: ಒಂದು ಅವಲೋಕನ

ಯುವಜನರಿಗಾಗಿ ರಾಜ್ಯದಲ್ಲಿ ಜಾರಿಯಲ್ಲಿರುವ ಯೋಜನೆಗಳ ಸಂಖ್ಯೆ ಕಡಿಮೆಯೇನಲ್ಲ. ಪದವಿ ಪೂರೈಸಿ ಉದ್ಯೋಗ ದೊರೆಯದವರಿಗೆ ಯುವನಿಧಿ, ವ್ಯಾಸಂಗ ಮಾಡುತ್ತಿರುವವರಿಗೆ ವಿದ್ಯಾರ್ಥಿವೇತನ ಹಾಗೂ ವಿದ್ಯಾರ್ಥಿನಿಲಯ, ಕಸುಬು ಕಲಿಯಬಯಸುವವರಿಗೆ ಕೌಶಲ್ಯ ತರಬೇತಿ, ಮಾನಸಿಕ ಒತ್ತಡದಲ್ಲಿರುವವರಿಗೆ ಆಪ್ತಸಮಾಲೋಚನೆ, ಮಕ್ಕಳ ಪಾಲನಾ ಸಂಸ್ಥೆಗಳಿಂದ ಹೊರಬರುವವರಿಗೆ ಅನುಪಾಲನೆ ಹೀಗೆ ಒಂದೊಂದು ಅಗತ್ಯಕ್ಕೂ ಒಂದೊಂದು ಯೋಜನೆ ಇದೆ. ಇವುಗಳನ್ನು ಅನುಷ್ಠಾನಗೊಳಿಸುವ ಇಲಾಖೆಗಳು ಮಾತ್ರ ಬೇರೆ ಬೇರೆ. ಈ ಸೇವೆಗಳನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಒಂದುಗೂಡಿಸುವ ಕುರಿತು ಇತ್ತೀಚಿನ ವರ್ಷಗಳಲ್ಲಿ ಚರ್ಚೆ ನಡೆಯುತ್ತಿದ್ದು, ಈವರೆಗೆ ಒಂದಾಗಿರುವುದು ಏನು, ಒಂದಾಗದೆ ಉಳಿದಿರುವುದು ಏನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಒಂದಾಗಿರುವುದು ಅರ್ಜಿಯ ಬಾಗಿಲು

ಅರ್ಜಿ ಸಲ್ಲಿಸುವ ವ್ಯವಸ್ಥೆಯಲ್ಲಿ ಆಗಿರುವ ಸುಧಾರಣೆ ಗಮನಾರ್ಹವಾದುದು. ಸೇವಾ ಸಿಂಧು ಜಾಲತಾಣ, ಗ್ರಾಮ ಒನ್ ಹಾಗೂ ಬಾಪೂಜಿ ಸೇವಾ ಕೇಂದ್ರಗಳ ಮೂಲಕ ಹಲವು ಇಲಾಖೆಗಳ ಅರ್ಜಿಗಳನ್ನು ಸ್ವಗ್ರಾಮದಲ್ಲಿಯೇ ಸಲ್ಲಿಸಬಹುದಾಗಿದೆ. ನಾಡಕಛೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ನಮೂದಿಸಿದಲ್ಲಿ ಸಂಬಂಧಪಟ್ಟ ಇಲಾಖೆಯೇ ಅದನ್ನು ಗಣಕೀಕೃತ ದಾಖಲೆಯೊಂದಿಗೆ ತಾಳೆ ನೋಡುತ್ತದೆ. ‘ಕುಟುಂಬ’ ತಂತ್ರಾಂಶವು ಪಡಿತರ ಚೀಟಿಯ ಆಧಾರದ ಮೇಲೆ ಕುಟುಂಬದ ವಿವರಗಳನ್ನು ಇಲಾಖೆಗಳಿಗೆ ಒದಗಿಸುತ್ತಿದೆ. ಒಂದೇ ದಾಖಲೆಯ ಜೆರಾಕ್ಸ್ ಪ್ರತಿಯನ್ನು ನಾಲ್ಕು ಕಛೇರಿಗಳಿಗೆ ಕೊಂಡೊಯ್ಯುತ್ತಿದ್ದ ದಿನಗಳನ್ನು ಕಂಡವರಿಗೆ ಇದರ ಬೆಲೆ ತಿಳಿದಿದೆ.

ಆದರೆ ಅರ್ಜಿ ಒಂದೇ ಬಾಗಿಲಿನಿಂದ ಒಳಬಂದ ಮೇಲೆ ಪುನಃ ತನ್ನ ತನ್ನ ಇಲಾಖೆಯ ದಾರಿಯನ್ನೇ ಹಿಡಿಯುತ್ತದೆ. ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ 2011, ಅಂದರೆ 2012ರ ಏಪ್ರಿಲ್‌ನಿಂದ ರಾಜ್ಯಾದ್ಯಂತ ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆಯು, ಪ್ರತಿ ಸೇವೆಯನ್ನೂ ಪ್ರತ್ಯೇಕವಾಗಿ ಅಳೆಯುತ್ತದೆ. ನಿಗದಿತ ಅವಧಿಯಲ್ಲಿ ಸಕಾರಣವಾಗಿ ತಿರಸ್ಕೃತವಾದ ಅರ್ಜಿಯೂ ಸಕಾಲದಲ್ಲಿ ವಿಲೇವಾರಿಯಾದ ಅರ್ಜಿಯೇ. ವಿಳಂಬವನ್ನು ತಡೆಯುವುದು ಸದರಿ ಅಧಿನಿಯಮದ ಉದ್ದೇಶವಾಗಿದ್ದು, ಆ ಮಟ್ಟಿಗೆ ಇದರಲ್ಲಿ ತಪ್ಪಿಲ್ಲ. ಆದರೆ ತಿರಸ್ಕೃತವಾದ ಅರ್ಜಿದಾರನು ಮುಂದೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಯಾವ ಕಛೇರಿಯ ಮೇಲೂ ಇಲ್ಲ.

ದ್ವಿತೀಯ ಪಿಯುಸಿಯಲ್ಲಿ ಅನುತ್ತೀರ್ಣಳಾಗಿ ಮನೆಯಲ್ಲಿರುವ 19 ವರ್ಷದ ಗ್ರಾಮೀಣ ಯುವತಿಯೊಬ್ಬಳ ಸ್ಥಿತಿಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಪದವಿ ಅಥವಾ ಡಿಪ್ಲೊಮಾ ಇಲ್ಲದ ಕಾರಣ ಯುವನಿಧಿಗೆ ಆಕೆ ಅರ್ಹಳಲ್ಲ. ಯಾವುದೇ ಕಾಲೇಜಿನಲ್ಲಿ ದಾಖಲಾಗಿಲ್ಲವಾದ್ದರಿಂದ ವಿದ್ಯಾರ್ಥಿವೇತನವೂ ಇಲ್ಲ, ವಿದ್ಯಾರ್ಥಿನಿಲಯವೂ ಇಲ್ಲ. ತರಬೇತಿ ಕೇಂದ್ರ ಜಿಲ್ಲಾ ಸ್ಥಳದಲ್ಲಿದ್ದು, ವಸತಿಯಿಲ್ಲದೆ ಮನೆಯವರು ಕಳುಹಿಸಲೊಪ್ಪುವುದಿಲ್ಲ. ಬಾಲ್ಯವಿವಾಹ ನಿಷೇಧ ಅಧಿನಿಯಮ 2006ರ ರಕ್ಷಣೆ 18ಕ್ಕೇ ಮುಗಿದಿರುವುದರಿಂದ, ಇಚ್ಛೆಯಿಲ್ಲದ ಮದುವೆಯ ಮಾತುಕತೆ ನಡೆದರೂ ಮಕ್ಕಳ ಸಹಾಯವಾಣಿ 1098ರ ವ್ಯಾಪ್ತಿಗೆ ಅದು ಬರುವುದಿಲ್ಲ. ನಾಲ್ಕೂ ಕಡೆ ಆಕೆಗೆ ದೊರೆತ ಉತ್ತರ ನಿಯಮದಂತೆಯೇ ಇದೆ. ಅಂಕಿಅಂಶಗಳ ಪಟ್ಟಿಯಲ್ಲಿ ಬಾಕಿ ಎಂಬುದು ಎಲ್ಲಿಯೂ ಕಾಣಿಸುವುದಿಲ್ಲ.

ವಯಸ್ಸಿನ ಗಡಿಗಳು

ಸಮನ್ವಯಕ್ಕೆ ಇರುವ ದೊಡ್ಡ ತೊಡಕೆಂದರೆ ‘ಯುವಜನ’ ಎಂಬ ಪದಕ್ಕೆ ಏಕರೂಪದ ಅರ್ಥವಿಲ್ಲದಿರುವುದು. 2014ರ ರಾಷ್ಟ್ರೀಯ ಯುವ ನೀತಿಯಲ್ಲಿ ಇದು 15ರಿಂದ 29 ವರ್ಷ; ಅದಕ್ಕೆ ಮೊದಲಿನ 2003ರ ನೀತಿಯಲ್ಲಿ 13ರಿಂದ 35 ವರ್ಷ. ಆರೋಗ್ಯ ಇಲಾಖೆಯ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ ಅನ್ವಯಿಸುತ್ತದೆ. ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯನ್ನು ಸಾಮಾನ್ಯವಾಗಿ 15ರಿಂದ 35 ವರ್ಷದವರಿಗಾಗಿ ರೂಪಿಸಲಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿಯು ವಯಸ್ಸನ್ನಲ್ಲ, ತೇರ್ಗಡೆಯಾದ ವರ್ಷವನ್ನು ನೋಡುತ್ತದೆ: ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಪದವೀಧರರಿಗೆ ಮಾಹೆಯಾನ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ., ಗರಿಷ್ಠ 2 ವರ್ಷಗಳ ಅವಧಿಗೆ.

ಈ ಗಡಿಗಳು ಒಂದರ ಮೇಲೊಂದು ಹಾಯ್ದರೆ ಹಾನಿಯಿಲ್ಲ. ನಡುವೆ ಖಾಲಿ ಉಳಿದಾಗ ತೊಂದರೆಯಾಗುತ್ತದೆ. ಪಾಲನಾ ಸಂಸ್ಥೆಯಲ್ಲಿ ಬೆಳೆದವರ ವಿಷಯದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಬಾಲನ್ಯಾಯ ಅಧಿನಿಯಮ 2015ರ ಕಲಂ 46ರಂತೆ 18 ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ ಆರ್ಥಿಕ ನೆರವು ನೀಡಲು ಅವಕಾಶವಿದೆ. ಮಿಷನ್ ವಾತ್ಸಲ್ಯ ಮಾರ್ಗಸೂಚಿಯಂತೆ ಅನುಪಾಲನೆಗೆ ಮಾಹೆಯಾನ 4,000 ರೂ. ನಿಗದಿಯಾಗಿದ್ದು, ಸಾಮಾನ್ಯವಾಗಿ 21 ವರ್ಷದವರೆಗೆ ಇದು ಲಭ್ಯ. ಆದರೆ ಹೊರಬಂದ ಯುವಕನ ಹೆಸರು ಊರಿನ ಪಡಿತರ ಚೀಟಿಯಲ್ಲಿ ಇರದಿರುವ ಸಂಭವ ಹೆಚ್ಚು. ಬೆಳೆದದ್ದು ಒಂದು ತಾಲ್ಲೂಕು, ಮೂಲ ಊರು ಇನ್ನೊಂದು, ಕೆಲಸಕ್ಕೆ ಸೇರಿರುವುದು ಮತ್ತೊಂದರಲ್ಲಿ. ಕುಟುಂಬವನ್ನು ಘಟಕವಾಗಿಟ್ಟುಕೊಂಡು ರಚಿಸಿದ ವ್ಯವಸ್ಥೆಯಲ್ಲಿ ಕುಟುಂಬವಿಲ್ಲದವನ ಸ್ಥಾನ ಯಾವುದು ಎಂಬುದು ಬರಿಯ ತಾಂತ್ರಿಕ ಪ್ರಶ್ನೆಯಲ್ಲ.

ಪಂಚಾಯಿತಿಯ ಪಟ್ಟಿಯಲ್ಲಿ ಇಲ್ಲದ ವಿಷಯ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಶಿಕ್ಷಣ, ತಾಂತ್ರಿಕ ತರಬೇತಿ, ಗ್ರಂಥಾಲಯ, ಆರೋಗ್ಯ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಸಮಾಜ ಕಲ್ಯಾಣ ಎಲ್ಲವೂ ಅಲ್ಲಿ ಉಂಟು. ಯುವಜನ ಎಂಬ ಪ್ರತ್ಯೇಕ ವಿಷಯವಿಲ್ಲ. ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಪಂಚಾಯಿತಿ ಮಟ್ಟಕ್ಕೆ ಅಳವಡಿಸಲು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ರೂಪಿಸಿದ 9 ವಿಷಯಗಳಲ್ಲಿಯೂ ಮಕ್ಕಳಸ್ನೇಹಿ ಪಂಚಾಯಿತಿ ಇದೆ, ಮಹಿಳಾಸ್ನೇಹಿ ಪಂಚಾಯಿತಿ ಇದೆ, ಯುವಜನರ ಹೆಸರಿನದು ಇಲ್ಲ. ಹೀಗಾಗಿ ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಇವರಿಗಾಗಿ ಒಂದು ತಲೆಬರಹವನ್ನು ಹುಡುಕುವುದೇ ಕಷ್ಟ. 17 ವರ್ಷದವರೆಗೆ ಮಕ್ಕಳ ಗ್ರಾಮ ಸಭೆಯಲ್ಲಿ ಬಸ್ಸಿನ ಬಗ್ಗೆ, ಶೌಚಾಲಯದ ಬಗ್ಗೆ ಎದ್ದುನಿಂತು ಪ್ರಶ್ನೆ ಕೇಳಿದ ಹುಡುಗಿ 18 ತುಂಬಿದೊಡನೆ ಹಿರಿಯರ ಗ್ರಾಮ ಸಭೆಯ ಸದಸ್ಯಳಾಗುತ್ತಾಳೆ. ಅಲ್ಲಿ ಚರ್ಚೆ ಬಹುಪಾಲು ವಸತಿ ಫಲಾನುಭವಿಗಳ ಆಯ್ಕೆ ಮತ್ತು ಚರಂಡಿಯ ಸುತ್ತಲೇ ನಡೆಯುತ್ತದೆ. ಆಕೆ ಮುಂದಿನ ಸಭೆಗೆ ಬಾರದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಇದೇ ಗ್ರಾಮಗಳಲ್ಲಿ ಆರೋಗ್ಯ ಇಲಾಖೆ ಸಾಧಿಸಿರುವ ಒಂದು ಸಮನ್ವಯವನ್ನು ಇಲ್ಲಿ ನೆನೆಯುವುದು ಸೂಕ್ತ. ಗರ್ಭಿಣಿಯ ಕೈಯಲ್ಲಿರುವ ತಾಯಿ ಕಾರ್ಡ್ ಉಪಕೇಂದ್ರದಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಆಕೆಯ ಜೊತೆಯಲ್ಲೇ ಸಾಗುತ್ತದೆ. ಹೆರಿಗೆಗೆ ತವರಿಗೆ ಹೋದರೂ ಕಾರ್ಡ್ ಹೋಗುತ್ತದೆ. ತಪಾಸಣೆಗೆ ಬಾರದಿದ್ದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸುತ್ತಾರೆ. ಯುವಜನ ಸೇವೆಗಳಲ್ಲಿ ಇಂತಹ ಕಾರ್ಡೂ ಇಲ್ಲ, ಬಾರದವರನ್ನು ಹುಡುಕಿಕೊಂಡು ಹೋಗುವವರೂ ಇಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ಸಹಯೋಗದಲ್ಲಿ ರೂಪಿಸಿದ ಯುವ ಸ್ಪಂದನ ಕಾರ್ಯಕ್ರಮದ ಯುವ ಪರಿವರ್ತಕರು ಈ ಕಾರ್ಯಕ್ಕೆ ಹತ್ತಿರ ಬರುತ್ತಾರೆ. ಆದರೆ ಕೇಂದ್ರಗಳು ಜಿಲ್ಲಾ ಸ್ಥಳಗಳಲ್ಲಿದ್ದು, ರಾಜ್ಯದ ಸುಮಾರು 5,950 ಗ್ರಾಮ ಪಂಚಾಯಿತಿಗಳಿಗೆ ಪ್ರತಿಯೊಂದಕ್ಕೂ ಒಬ್ಬರೆಂಬ ವ್ಯವಸ್ಥೆಯಾಗಿ ಅದು ಬೆಳೆದಿಲ್ಲ.

ಒಬ್ಬ ವ್ಯಕ್ತಿಗೆ ಒಬ್ಬ ಸಲಹೆಗಾರರೆಂಬ ಈ ವಿಧಾನವನ್ನು ಇಂಗ್ಲೆಂಡ್ ದೊಡ್ಡ ಪ್ರಮಾಣದಲ್ಲಿ ಪ್ರಯತ್ನಿಸಿದೆ. ಅಲ್ಲಿ 2001ರಲ್ಲಿ ಆರಂಭವಾದ ‘ಕನೆಕ್ಷನ್ಸ್’ ಸೇವೆಯು 13ರಿಂದ 19 ವರ್ಷದವರಿಗೆ ಶಿಕ್ಷಣ, ಉದ್ಯೋಗ, ವಸತಿ, ಆರೋಗ್ಯ ಎಲ್ಲದಕ್ಕೂ ವೈಯಕ್ತಿಕ ಸಲಹೆಗಾರರನ್ನು ಒದಗಿಸಿತು. 2008ರಲ್ಲಿ ಅದರ ಹೊಣೆ ಸ್ಥಳೀಯ ಕೌನ್ಸಿಲ್‌ಗಳಿಗೆ ವರ್ಗಾವಣೆಯಾಯಿತು. 2010ರ ನಂತರ ಅನುದಾನ ಕಡಿತಗೊಂಡಾಗ ಕೌನ್ಸಿಲ್‌ಗಳು ಮೊದಲು ಕೈಬಿಟ್ಟ ಸೇವೆಗಳಲ್ಲಿ ಅದೂ ಒಂದು. ಅದೇ ದೇಶದಲ್ಲಿ ಎಲ್ಲ ಮಕ್ಕಳ ವಿವರಗಳನ್ನು ಒಂದೆಡೆ ಸೇರಿಸಿದ ‘ಕಾಂಟ್ಯಾಕ್ಟ್‌ಪಾಯಿಂಟ್’ ಎಂಬ ದತ್ತಸಂಚಯವನ್ನು ಖಾಸಗಿತನದ ಆಕ್ಷೇಪಣೆಗಳ ನಡುವೆ 2010ರ ಆಗಸ್ಟ್‌ನಲ್ಲಿ ಮುಚ್ಚಲಾಯಿತು.

ಈ ಎರಡನೆಯ ಸಂಗತಿ ರಾಜ್ಯಕ್ಕೂ ಪ್ರಸ್ತುತ. ಸೇವೆಗಳನ್ನು ಜೋಡಿಸುವುದೆಂದರೆ ಎಲ್ಲ ಮಾಹಿತಿಯನ್ನೂ ಎಲ್ಲರಿಗೂ ಕಾಣುವಂತೆ ಮಾಡುವುದಲ್ಲ. ಆದಾಯದ ವಿವರ ಇಲಾಖೆಗಳ ನಡುವೆ ಹಂಚಿಕೆಯಾದರೆ ಅರ್ಜಿದಾರರಿಗೆ ಅನುಕೂಲ. ಆಪ್ತಸಮಾಲೋಚಕರ ಬಳಿ ಹೇಳಿಕೊಂಡ ಮಾತು ಪಂಚಾಯಿತಿ ಕಛೇರಿಯ ಗಣಕಯಂತ್ರದಲ್ಲಿ ಕಾಣಿಸಿದರೆ ಆ ಊರಿನಿಂದ ಎರಡನೆಯವರು ಸಮಾಲೋಚನೆಗೆ ಬರಲಾರರು. ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮ 2017ರ ಕಲಂ 23 ಇಂತಹ ಗೋಪ್ಯತೆಯನ್ನು ಹಕ್ಕೆಂದೇ ಪರಿಗಣಿಸಿದೆ.

ಹೊಸ ಹುದ್ದೆ, ಹೊಸ ತಂತ್ರಾಂಶಗಳಿಗೆ ಕಾಯದೆ ಪಂಚಾಯಿತಿಗಳು ಕೈಗೊಳ್ಳಬಹುದಾದ ಕೆಲಸಗಳೂ ಇವೆ. ಗ್ರಂಥಾಲಯ ಇಲಾಖೆಯಿಂದ 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದ ಗ್ರಾಮೀಣ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕೆಲಸವಿಲ್ಲದ ಯುವಕರು ಸಂಕೋಚವಿಲ್ಲದೆ ಬಂದು ಕುಳಿತುಕೊಳ್ಳುವ ಸರ್ಕಾರಿ ಕೊಠಡಿ ಊರಿನಲ್ಲಿ ಬಹುಶಃ ಅದೊಂದೇ. ತಿರಸ್ಕೃತರಾದವರನ್ನು ಯಾವ ಇಲಾಖೆಗೆ ಕಳುಹಿಸಲಾಯಿತು, ಅಲ್ಲಿ ಏನಾಯಿತು ಎಂಬ ಎರಡು ಅಂಕಣಗಳ ವಹಿಯೊಂದನ್ನು ಬಾಪೂಜಿ ಸೇವಾ ಕೇಂದ್ರದಲ್ಲಿ ನಿರ್ವಹಿಸಿ, ಅದನ್ನು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಮುಂದೆ ಮಂಡಿಸಿದರೆ ತಾಯಿ ಕಾರ್ಡಿನ ಅರ್ಧ ಪ್ರಯೋಜನವಾದರೂ ದೊರೆತೀತು.

ಅರ್ಜಿದಾರರ ಗಮನಕ್ಕೆ

ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಜಿಎಸ್‌ಸಿ ಸಂಖ್ಯೆಯಿರುವ ಸ್ವೀಕೃತಿಯನ್ನು ತಪ್ಪದೆ ಪಡೆಯತಕ್ಕದ್ದು. ಅರ್ಜಿ ತಿರಸ್ಕೃತವಾದಲ್ಲಿ ಕಾರಣವನ್ನು ಲಿಖಿತವಾಗಿ ಕೇಳುವ ಹಾಗೂ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಅರ್ಜಿದಾರರಿಗಿದೆ. ಯುವನಿಧಿ ಪಡೆಯುತ್ತಿರುವವರು ಶಿಶಿಕ್ಷು ತರಬೇತಿಗೆ ಸೇರಿ ಅದರ ಭತ್ಯೆ ಪಡೆದಲ್ಲಿ ಅಥವಾ ಉನ್ನತ ವ್ಯಾಸಂಗಕ್ಕೆ ದಾಖಲಾದಲ್ಲಿ ಯುವನಿಧಿಗೆ ಅರ್ಹರಾಗಿರುವುದಿಲ್ಲವಾದ್ದರಿಂದ, ಸೇರುವ ಮುನ್ನ ಎರಡೂ ಮೊತ್ತಗಳನ್ನು ಹೋಲಿಸಿ ನೋಡುವುದು ಒಳಿತು. ಭತ್ಯೆ ಕಡಿಮೆಯಿದ್ದರೂ ತರಬೇತಿಯ ಪ್ರಮಾಣಪತ್ರ 2 ವರ್ಷಗಳ ನಂತರವೂ ಉಳಿಯುತ್ತದೆ. ಪಾಲನಾ ಸಂಸ್ಥೆಯಲ್ಲಿರುವವರು ಅನುಪಾಲನೆಯ ಕುರಿತು 18 ತುಂಬುವ ಮೊದಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಿ, ಆಧಾರ್, ಬ್ಯಾಂಕ್ ಖಾತೆ ಹಾಗೂ ಶಾಲಾ ದಾಖಲೆಗಳನ್ನು ತಮ್ಮ ವಶಕ್ಕೆ ಪಡೆದುಕೊಳ್ಳತಕ್ಕದ್ದು. ಮಾನಸಿಕ ಆರೋಗ್ಯದ ನೆರವಿಗಾಗಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಇದಕ್ಕೆ ಅರ್ಜಿಯಾಗಲಿ ಪ್ರಮಾಣಪತ್ರವಾಗಲಿ ಬೇಕಿಲ್ಲ.