ನೋಟೀಸಿಲ್ಲದೆ ಹೋಗುವ ನೌಕರಿಗಳು

ಯಂತ್ರಕ್ಕೆ ಬಾಯಿ ಬಂದಿತೆಂದು ನಾಡೆಲ್ಲ ಬೆರಗುಪಟ್ಟಿತು. 2023ರ ಜುಲೈಯಲ್ಲಿ ಕನ್ನಡದ ಪವರ್ ಟಿವಿಯು ‘ಸೌಂದರ್ಯ’ ಎಂಬ ಕೃತಕ ಬುದ್ಧಿಮತ್ತೆಯ ವಾರ್ತಾವಾಚಕಿಯನ್ನು ತೆರೆಯ ಮೇಲೆ ತಂದಿತು. 2024ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ವಾಹಿನಿಯು ‘ಕ್ರಿಶ್’, ‘ಭೂಮಿ’ ಎಂಬ ಜೋಡಿಯನ್ನು ಕೂರಿಸಿ, ಇವರು 50 ಭಾಷೆಗಳಲ್ಲಿ ಮಾತನಾಡಬಲ್ಲರೆಂದು ಸಾರಿತು. ಬೊಂಬೆಯ ಉಡುಪು ಚೆನ್ನಾಗಿದೆಯೇ, ತುಟಿ ಸರಿಯಾಗಿ ಆಡುತ್ತದೆಯೇ ಎಂಬ ಚರ್ಚೆ ಬೇಕಾದಷ್ಟು ನಡೆಯಿತು. ಆದರೆ ಬೊಂಬೆಗೆ ಕ್ಯಾಮರಾ ಬೇಡ, ದೀಪ ಬೇಡ, ಮೈಕು ಬೇಡ. ಹಾಗಾದರೆ ಕ್ಯಾಮರಾ ಹಿಡಿಯುತ್ತಿದ್ದವನು, ದೀಪ ಹೊಂದಿಸುತ್ತಿದ್ದವನು, ಧ್ವನಿಯ ಮೇಜಿನ ಮುಂದೆ ಕೂತಿದ್ದವನು ಎಲ್ಲಿಗೆ ಹೋಗಬೇಕೆಂದು ಕೇಳಿದವರು ವಿರಳ.

ಗಿರಣಿಯ ಬಂಧುಗಳಿಗೆ ಈ ಕಥೆ ಹೊಸದಲ್ಲ. ಒಬ್ಬನು ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ಕಡೆ ಸ್ವಯಂಚಾಲಿತ ಮಗ್ಗ ಬಂತು, ಅದೇ ಮನುಷ್ಯನ ತಲೆಗೆ ಹತ್ತಾರು ಮಗ್ಗ ಕಟ್ಟಿದರು. ಅದಕ್ಕೆ ‘ರ್‍ಯಾಷನಲೈಸೇಷನ್’ ಎಂಬ ಗೌರವದ ಹೆಸರನ್ನೂ ಇಟ್ಟರು. ಪ್ರಸಾರ ಕೇಂದ್ರಗಳಲ್ಲಿ ನಡೆಯುತ್ತಿರುವುದೂ ಅದೇ. ಹಿಂದೆ ಒಂದೊಂದು ಕಾರ್ಯಕ್ರಮಕ್ಕೂ ಟೇಪು ಹುಡುಕಿ, ಯಂತ್ರಕ್ಕೆ ಏರಿಸಿ, ಗಡಿಯಾರ ನೋಡುತ್ತ ಗುಂಡಿ ಒತ್ತುವ ಆಳು ಮೂರು ಪಾಳಿಗೂ ಬೇಕಾಗಿತ್ತು. ಈಗ ದಿನದ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಹಾಡು, ಜಾಹೀರಾತು, ವಾರ್ತೆ ಎಲ್ಲವನ್ನೂ ಅದೇ ಸರದಿಯಂತೆ ಬಿಡುತ್ತದೆ. ಸ್ಟುಡಿಯೋದಲ್ಲಿ ಮೂರು ಕ್ಯಾಮರಾಕ್ಕೆ ಮೂವರು ನಿಲ್ಲುತ್ತಿದ್ದರು, ಈಗ ರೋಬೋ ಕ್ಯಾಮರಾಗಳನ್ನು ಮೇಜಿನ ಹಿಂದೆ ಕೂತ ಒಬ್ಬನೇ ತಿರುಗಿಸುತ್ತಾನೆ. ಕೃತಕ ಬುದ್ಧಿಮತ್ತೆಯು ಆ ಒಬ್ಬನ ಕೆಲಸಕ್ಕೂ ಕೈ ಹಾಕಿದೆ. ಅದು ಮುಖ ಗುರುತಿಸಿ ಚೌಕಟ್ಟು ಹೊಂದಿಸುತ್ತದೆ, ಆಟದ ಮೈದಾನದಲ್ಲಿ ಚೆಂಡಿನ ಬೆನ್ನು ಹತ್ತುತ್ತದೆ, ಧ್ವನಿಯ ಏರಿಳಿತ ಸಮ ಮಾಡುತ್ತದೆ, ಆಡಿದ ಮಾತನ್ನು ಅಕ್ಷರವಾಗಿ ತೆರೆಯ ಅಡಿಯಲ್ಲಿ ಬರೆಯುತ್ತದೆ.

ಈ ಕೆಲಸಗಳು ಹೋಗುವ ಬಗೆ ವಿಚಿತ್ರ. ಗೇಟಿಗೆ ಬೀಗ ಬೀಳುವುದಿಲ್ಲ, ಗೋಡೆಗೆ ಹೆಸರಿನ ಪಟ್ಟಿ ಅಂಟಿಸುವುದಿಲ್ಲ. ದೂರದರ್ಶನದ ಮರುಪ್ರಸಾರ ಕೇಂದ್ರಗಳನ್ನು ನೋಡಿರಿ. ಅಲ್ಲಿ ಬಂದದ್ದು ಕೃತಕ ಬುದ್ಧಿಯಲ್ಲ, ಉಪಗ್ರಹ ಮತ್ತು ಕೇಬಲ್ಲು. ಆದರೆ ಕೆಲಸ ಕರಗುವ ಕ್ರಮ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಯಕಟ್ಟಿನ ಸ್ಥಳಗಳ ಸುಮಾರು 50 ಟ್ರಾನ್ಸ್‌ಮಿಟರುಗಳನ್ನು ಬಿಟ್ಟು, ಹಳೆಯ ಪದ್ಧತಿಯ ಉಳಿದೆಲ್ಲವನ್ನೂ 2022ರ ಮಾರ್ಚಿಯೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿ 2021ರಲ್ಲಿ ಪ್ರಕಟಿಸಿತು. ಕಲಬುರ್ಗಿ ಕೇಂದ್ರವೇ ಮುಚ್ಚಿಹೋಗುತ್ತದೆಂಬ ಸುದ್ದಿ ಹಬ್ಬಿದಾಗ, ಇಲ್ಲ, ಅದು ಉಪಗ್ರಹ ವಾಹಿನಿಗೆ ಕಾರ್ಯಕ್ರಮ ತಯಾರಿಸಿಕೊಡುತ್ತಲೇ ಇರುತ್ತದೆಂದು ಸಮಜಾಯಿಷಿಯೂ ಬಂತು. ಯಾರೂ ನೋಡದ ಪ್ರಸಾರಕ್ಕೆ ವಿದ್ಯುತ್ತು ಸುಡುತ್ತ ಕೂರಬೇಕೆಂದು ನಾವು ಹೇಳುವುದಿಲ್ಲ, ಅದು ಸಮಾಜವಾದವಲ್ಲ. ಖಾಯಂ ನೌಕರರಿಗೆ ಬೇರೆ ಕಡೆ ಕೆಲಸ ಕೊಡುವ ಮಾತಾಯಿತು. ಸರಿ. ಆದರೆ ಟವರಿನ ಕೆಳಗಿನ ಆ ಕೋಣೆಯಲ್ಲಿ ಪಾಳಿ ಮಾಡುವ ಕೆಲಸ ಆ ಊರಿನ ಹುಡುಗನಿಗೆ ಇನ್ನಿಲ್ಲ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವನಿಗೆ ಇದ್ದ ಬಾಗಿಲು ಮುಚ್ಚಿತು. ಯಾರನ್ನೂ ತೆಗೆಯಲಿಲ್ಲವಾದ್ದರಿಂದ ಯಾರೂ ಮುಷ್ಕರ ಹೂಡಲಿಲ್ಲ.

ಕಾನೂನು ಎಲ್ಲಿದೆ ಎಂದು ಕೇಳಬಹುದು. ಇದೆ. ಯಂತ್ರ ಸುಧಾರಣೆಯಿಂದ ಕಾರ್ಮಿಕರ ರಿಟ್ರೆಂಚ್‌ಮೆಂಟ್ ಆಗುವ ಸಂಭವವಿದ್ದರೆ ಮಾಲೀಕನು ಮುಂಚಿತವಾಗಿ 21 ದಿನಗಳ ನೋಟೀಸು ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಸೇರಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. ಆದರೆ ನಿಗದಿತ ಅವಧಿಯ ಕರಾರು ಮುಗಿದು ಮನೆಗೆ ಹೋದವನದು ರಿಟ್ರೆಂಚ್‌ಮೆಂಟ್ ಅಲ್ಲವೆಂದು ಅದೇ ಸಂಹಿತೆ ಹೇಳುತ್ತದೆ! ಪ್ರಸಾರದ ಹೊಸ ತಲೆಮಾರಿನಲ್ಲಿ ಕರಾರಿನವರೇ ಎಷ್ಟು ಜನ! ಕ್ಯಾಮರಾದವನು ಕರಾರು, ಎಡಿಟಿಂಗ್ ಮಾಡುವವನು ಕರಾರು, ಧ್ವನಿಯವನು ದಿನಗೂಲಿ. ಗಿರಣಿಯ ಬದಲಿ ಕಾರ್ಮಿಕನಂತೆ ಇವನೂ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಬಾಗಿಲಲ್ಲಿ ಯಂತ್ರ ಇಳಿಯುವಾಗ ಅವನ ಕರಾರು ನವೀಕರಣವಾಗದೆ ಹೋಗುತ್ತದೆ, ಅಷ್ಟೆ. 21 ದಿನ ಹಾಗಿರಲಿ, 21 ನಿಮಿಷದ ನೋಟೀಸೂ ಬೇಕಿಲ್ಲ. ಕೆಲಸ ಕಳೆದುಕೊಂಡವರ ಮರುತರಬೇತಿಗೆಂದು ಮಾಲೀಕನು 15 ದಿನಗಳ ಸಂಬಳವನ್ನು ನಿಧಿಗೆ ಕೊಡಬೇಕೆಂದೂ ಸಂಹಿತೆಯಲ್ಲಿದೆ. ಅದೂ ರಿಟ್ರೆಂಚ್ ಆದವನಿಗೇ. ಇಪ್ಪತ್ತು ವರ್ಷ ಕ್ಯಾಮರಾ ಹೊತ್ತ ಭುಜಕ್ಕೆ 15 ದಿನದ ಹಣದಲ್ಲಿ ಯಾವ ಹೊಸ ವಿದ್ಯೆ ಬರುತ್ತದೋ ಸಂಹಿತೆ ಬರೆದವರೇ ಹೇಳಬೇಕು.

ಖಾಲಿ ಕುರ್ಚಿಯ ಬೆಲೆಯನ್ನು ತಂತ್ರಜ್ಞನೊಬ್ಬನೇ ತೆರುವುದಿಲ್ಲ. ಅಮೆರಿಕವು 1995ರಲ್ಲೇ ಆಳಿಲ್ಲದೆ ಬಾನುಲಿ ಕೇಂದ್ರ ನಡೆಸಲು ಅನುಮತಿ ಕೊಟ್ಟಿತ್ತು. 2002ರ ಜನವರಿ 18ರ ನಡುರಾತ್ರಿ ಉತ್ತರ ಡಕೋಟಾ ರಾಜ್ಯದ ಮೈನಾಟ್ ಪಟ್ಟಣದ ಬಳಿ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ವಿಷಗಾಳಿ ಊರಿನ ಮೇಲೆ ಹರಡಿತು. ಮನೆಯೊಳಗೇ ಇರಿ ಎಂದು ಜನರಿಗೆ ಹೇಳಿಸಲು ಪೊಲೀಸರು ಬಾನುಲಿ ಕೇಂದ್ರಕ್ಕೆ ದೂರವಾಣಿ ಮಾಡಿದರೆ ಎತ್ತುವವರು ಸಿಗಲಿಲ್ಲ. ಆ ಊರಿನ ಆರು ವಾಣಿಜ್ಯ ಬಾನುಲಿ ಕೇಂದ್ರಗಳೂ ಒಂದೇ ಕಂಪನಿಯ ಕೈಯಲ್ಲಿದ್ದವು. ಕೇಂದ್ರದಲ್ಲಿ ನೌಕರನಿದ್ದನು, ಪೊಲೀಸರೇ ತುರ್ತು ಉಪಕರಣವನ್ನು ಸರಿಯಾಗಿ ಇಟ್ಟುಕೊಂಡಿರಲಿಲ್ಲವೆಂದು ಕಂಪನಿ ವಾದಿಸಿತು. ತಪ್ಪು ಯಾರದೇ ಇರಲಿ, ಒಬ್ಬರು ಸತ್ತರು, ಮುನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಆಗಿನ್ನೂ ಇಂದಿನ ಕೃತಕ ಬುದ್ಧಿ ಬಂದಿರಲಿಲ್ಲವೆಂಬುದನ್ನು ನೆನಪಿಡಬೇಕು. ನಮ್ಮ ಕರಾವಳಿಗೆ ಚಂಡಮಾರುತ ಬಂದ ರಾತ್ರಿ, ಕೃಷ್ಣೆ ಉಕ್ಕಿದ ರಾತ್ರಿ ಕರೆಂಟು ಹೋಗಿ ಮೊಬೈಲು ಸತ್ತಾಗ, ಬ್ಯಾಟರಿ ರೇಡಿಯೋ ಮಾತನಾಡಬೇಕಾದರೆ ಡೀಸೆಲ್ ಜನರೇಟರು ಶುರು ಮಾಡಿ ಕಾಯುವವನೊಬ್ಬ ಇರಬೇಕು.

ಅಂಗಡಿಕಾರ ಮಿತ್ರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಕೇಬಲ್ ವಾಹಿನಿಗೆ ಕೊಡುವ ಜಾಹೀರಾತನ್ನು ಯಂತ್ರದ ದನಿಯಲ್ಲಿ ಮಾಡಿಸಿದರೆ ನಾಲ್ಕು ಕಾಸು ಉಳಿಯುತ್ತದೆ, ನಿಜ. ಆದರೆ ಸ್ಟುಡಿಯೋದ ಹುಡುಗ ತಿಂಗಳ ಮೊದಲ ವಾರ ಅಕ್ಕಿ ಬೇಳೆ ಕೊಳ್ಳುತ್ತಿದ್ದದ್ದು ನಿಮ್ಮಲ್ಲೇ. ಯಂತ್ರದ ಬಾಡಿಗೆಯಾದರೋ ಪ್ರತಿ ತಿಂಗಳೂ ಪರದೇಶದ ಕಂಪನಿಗೆ ಹೋಗುತ್ತದೆ, ನಿಮ್ಮ ಗಲ್ಲಾಪೆಟ್ಟಿಗೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಯಂತ್ರ ಒಡೆಯಿರಿ ಎನ್ನುವವರು ನಾವಲ್ಲ. ರಾತ್ರಿಪಾಳಿಯ ನಿದ್ದೆಗೇಡು ಎಷ್ಟು ಕಡಿಮೆಯಾದರೂ ಒಳ್ಳೆಯದೇ. ನೋಟೀಸಿನ ಹಕ್ಕು ಕರಾರಿನವನಿಗೂ ದಿನಗೂಲಿಯವನಿಗೂ ಸಿಗಬೇಕು. ಉಪಕರಣ ಕೊಳ್ಳುವ ಮೊದಲೇ ಯಾವ ಹುದ್ದೆ ಹೋಗುತ್ತದೆ, ಯಾವುದು ಹುಟ್ಟುತ್ತದೆ ಎಂಬ ಪಟ್ಟಿ ಸಂಘದ ಮುಂದೆ ಬರಬೇಕು. ಹೊಸ ಯಂತ್ರ ನೋಡಿಕೊಳ್ಳುವ ಕೆಲಸ ಮೊದಲು ಹಳೆಯ ಕೈಗೇ ಸಲ್ಲಬೇಕು, ಅದನ್ನು ಕಲಿಸುವ ದಿನಗಳಿಗೆ ಪೂರ್ತಿ ಸಂಬಳ ಕೊಡಬೇಕು. ಪ್ರತಿ ಬಾನುಲಿ ಕೇಂದ್ರದಲ್ಲಿ ಇರುಳೂ ಹಗಲೂ ದೂರವಾಣಿ ಎತ್ತುವ ಒಬ್ಬ ಮನುಷ್ಯ ಇರಲೇಬೇಕೆಂದು ಲೈಸೆನ್ಸಿನ ಷರತ್ತಿನಲ್ಲೇ ಬರೆಯಬೇಕು. ಪ್ರಸಾರದ ತಂತ್ರಜ್ಞರು ಸಂಖ್ಯೆಯಲ್ಲಿ ಕಡಿಮೆ, ಚದುರಿದವರು. ಹಲವೆಡೆ ಸಂಘವೂ ಇಲ್ಲ. ಗಿರಣಿ ಕಾರ್ಮಿಕರ ಸಂಘಗಳು ಮುಂದಿನ ಸಭೆಗೆ ಅವರನ್ನು ಕರೆದು ಕೂರಿಸಿಕೊಳ್ಳಲಿ.